ಪೊಮೇಡ್: ನಮ್ಮ ಸೆಕೆಗೆ ನೀರಿನದ್ದೇ ಸರಿ

ಕಾಸರಗೋಡಿನ ಸೆಕೆಗೆ, ದಿನಾ ಹೆಲ್ಮೆಟ್ ಹಾಕುವ ಮಂಡೆಗೆ ನೀರಿನಲ್ಲಿ ಕರಗುವ ಪೊಮೇಡೇ (ಕೂದಲು ಬಾಚಿದಂತೆ ಕೂರಲು ಹಚ್ಚುವ ಲೇಪ) ಸರಿ. ಎಣ್ಣೆ ಪೊಮೇಡಿನ ಹೊಳಪು ಚೆಂದವೇ, ಮಳೆಗಾಲದಲ್ಲಿ ನೆನೆದರೂ ಕೂದಲು ಕೂತಲ್ಲೇ ಕೂತಿರುತ್ತದೆ. ಆದರೆ ಅದನ್ನು ತಲೆಯಿಂದ ಬಿಡಿಸುವುದು ಸುಲಭವಿಲ್ಲ.

ಅದರಲ್ಲಿ ಮುಖ್ಯವಾಗಿ ಇರುವುದು ಪೆಟ್ರೋಲಿಯಂ ಜೆಲ್ಲಿ ಮತ್ತು ಜೇನುಮೇಣ. ಒದ್ದೆ ತಲೆಗೆ ಶಾಂಪೂ ಸುರಿದರೆ ನೊರೆಯೇ ಏಳುವುದಿಲ್ಲ. ಬೈರಾಸಿಗೆ ಜಿಡ್ಡು, ತಲೆದಿಂಬಿಗೂ ಜಿಡ್ಡು. ಬಿಡಿಸುವ ಕ್ರಮವೇ ಬೇರೆ. ಕೂದಲು ಒಣಗಿರುವಾಗಲೇ ಎರಡು ಚಮಚ ತೆಂಗಿನೆಣ್ಣೆ ಹಚ್ಚಿ ಐದು ನಿಮಿಷ ತಿಕ್ಕಬೇಕು. ಮೇಣ ಎಣ್ಣೆಗೆ ಸಡಿಲವಾಗುತ್ತದೆ. ಹಳೆ ಬಟ್ಟೆಯಲ್ಲಿ ಒರೆಸಿ, ನೀರು ಮುಟ್ಟಿಸುವ ಮೊದಲೇ ಶಾಂಪೂ ಹಚ್ಚಿ ತಿಕ್ಕಿ, ಆಮೇಲೆ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ತೊಳೆದ ಮೇಲೆ ಇನ್ನೊಂದು ಸಲ ಶಾಂಪೂ. ದಿನಾ ಹೀಗೆ ತಿಕ್ಕಿದರೆ ನೆತ್ತಿಯ ಚರ್ಮ ಒಣಗಿ ತುರಿಸುತ್ತದೆ, ತಿಕ್ಕದೆ ಬಿಟ್ಟರೆ ಪದರದ ಮೇಲೆ ಪದರ ಕೂರುತ್ತದೆ.

ಆ ಪದರ ಬೆವರಿನ ಜತೆ ಹಣೆಗೆ ಇಳಿದಾಗ ಕೂದಲಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತವೆ. ಪ್ಲೆವಿಗ್, ಫುಲ್ಟನ್, ಕ್ಲಿಗ್ಮನ್ ಎಂಬ ಚರ್ಮವೈದ್ಯರು 1970ರಲ್ಲೇ ಇದನ್ನು ಪೊಮೇಡ್ ಮೊಡವೆ ಎಂದು ವಿವರಿಸಿದ್ದಾರೆ. ಪೊಮೇಡ್ ನಿಲ್ಲಿಸದೆ ಮೊಡವೆ ಕ್ರೀಮ್ ಹಚ್ಚಿ ಪ್ರಯೋಜನ ಕಡಿಮೆ. ಹೆಲ್ಮೆಟ್ಟಿನ ಒಳಪಟ್ಟಿಯನ್ನೂ ಸೋಪು ನೀರಿನಲ್ಲಿ ತೊಳೆಯಬೇಕು, ಜಿಡ್ಡು ಅಲ್ಲಿಂದಲೇ ಪುನಃ ಹಣೆಗೆ ಹತ್ತುತ್ತದೆ.

ನೀರಿನ ಪೊಮೇಡ್ ಬರೀ ನೀರಿಗೇ ಬಿಡುತ್ತದೆ. ಹೆಲ್ಮೆಟ್ ತೆಗೆದ ಮೇಲೆ ಒದ್ದೆ ಕೈ ಆಡಿಸಿ ಬಾಚಿದರೆ ಕೂದಲು ಪುನಃ ನಿಲ್ಲುತ್ತದೆ. ಬೈರಾಸಿನಲ್ಲಿ ಒರೆಸಿದ ತುಸು ಹಸಿ ಕೂದಲಿಗೆ ಬಟಾಣಿ ಕಾಳಿನಷ್ಟು ಸಾಕು. ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಹಿಂದಿನಿಂದ ಮುಂದಕ್ಕೆ ಹಚ್ಚಿ, ನೆತ್ತಿಯ ಚರ್ಮಕ್ಕೆ ತಾಗಿಸಬೇಡಿ. ತೆಂಗಿನೆಣ್ಣೆ ಹಚ್ಚಿದ ತಲೆಗೆ ಇದು ಹಿಡಿಯುವುದಿಲ್ಲ. ಎಣ್ಣೆ ರಾತ್ರಿಗೆ ಇರಲಿ, ಬೆಳಿಗ್ಗೆ ಮಿಂದು ಪೊಮೇಡ್ ಹಚ್ಚಿ. ಮಳೆಗೆ ಮಾತ್ರ ಕರಗಿ ಕಣ್ಣಿಗೆ ಇಳಿಯುತ್ತದೆ, ಉರಿಯೂ ಆಗುತ್ತದೆ.

ಅಲರ್ಜಿಯ ಚಿಂತೆ ಇದರಲ್ಲಿ ಸ್ವಲ್ಪ ಹೆಚ್ಚು. ನೀರಿರುವ ಪದಾರ್ಥ ಕೆಡದಿರಲು ಸಂರಕ್ಷಕ ಬೇಕೇ ಬೇಕು. ಅಂಥದ್ದರಲ್ಲಿ ಒಂದಾದ ಮೀಥೈಲ್‌ಐಸೋಥಯಾಜೋಲಿನೋನನ್ನು ಹಚ್ಚಿ ಹಾಗೇ ಬಿಡುವ ಪ್ರಸಾಧನಗಳಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2017ರಿಂದ ನಿಷೇಧಿಸಿದೆ. ಆ ಹೆಸರು ಕಂಡರೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಡಿ. ಹೊಸ ಡಬ್ಬಿ ಯಾವುದೇ ಇರಲಿ, ಮೊಣಕೈಯ ಒಳಮಗ್ಗುಲಿಗೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ ನೋಡಿ. ಕೆಂಪಾಗಿ ತುರಿಸಿದರೆ ಆ ಡಬ್ಬಿ ತಲೆಗೆ ಬೇಡ.

ಬೆಂಕಿಯ ಹತ್ತಿರ ಎಣ್ಣೆ ಪೊಮೇಡ್ ಬೇಡವೇ ಬೇಡ. ಕೋಲ, ತೆಯ್ಯಂಗಳ ಸೂಟೆಯ ಪಕ್ಕ ನಿಲ್ಲುವವರು ಇದನ್ನು ನೆನಪಿಡಬೇಕು.

ಖರ್ಚು ನೋಡಿದರೆ, ಒಂದು ಸಲಕ್ಕೆ ಒಂದು ಗ್ರಾಮಿನಂತೆ 100 ಗ್ರಾಮಿನ ಡಬ್ಬಿ ಮೂರು ತಿಂಗಳು ದಾಟುತ್ತದೆ. ಎಣ್ಣೆಯದ್ದು ಅಗ್ಗಕ್ಕೆ ಸಿಕ್ಕಿದರೂ ಉಳಿಸಿದ ದುಡ್ಡು ಶಾಂಪೂವಿಗೆ ಹೋಗುತ್ತದೆ. ಮಳೆಗಾಲದ ಮದುವೆಗೆ ಒಂದು ದಿನ ಎಣ್ಣೆಯದ್ದು ಹಚ್ಚಲಿ, ಅಡ್ಡಿಯಿಲ್ಲ. ಅದೇ ರಾತ್ರಿ ಮಲಗುವ ಮೊದಲು ಮಂಡೆ ತೊಳೆಯಬೇಕು.