ಕೆಂಪು ದೀಪದ ಮುಂದೆ 7 ನಿಮಿಷ

1924ರಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ, ಸಭೆಯಲ್ಲಿ ಮಾತನಾಡುವುದನ್ನು ಕಲಿಸುವ ಟೋಸ್ಟ್‌ಮಾಸ್ಟರ್ಸ್‌ ಸಂಸ್ಥೆಯ ಭಾಷಣ ಸ್ಪರ್ಧೆಯಲ್ಲಿ 5ನೇ ನಿಮಿಷಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆಮೇಲೆ 30 ಸೆಕೆಂಡು ಮೀರಿದರೆ ಭಾಷಣ ಎಷ್ಟೇ ಸೊಗಸಾಗಿದ್ದರೂ ಸ್ಪರ್ಧಿ ಅನರ್ಹ. ಸಭಿಕರ ನಗು ನಿಲ್ಲಲೆಂದು ಕಾದು ನಿಂತ ನಾನು (ಆ ನಗು ಎಷ್ಟು ಹಿತವಾಗಿತ್ತು!) ಹೀಗೆಯೇ ಹೊರಬಿದ್ದೆ. ತಪ್ಪು ನನ್ನದೇ.

ನನಗೆ ಹೆಚ್ಚು ಹಿಡಿಸಿದ್ದು ವಿಮರ್ಶಾ ಸ್ಪರ್ಧೆ. ಒಬ್ಬರ ಭಾಷಣವನ್ನು ಕೇಳಿದ ಸ್ಪರ್ಧಿಗಳೆಲ್ಲ 5 ನಿಮಿಷದಲ್ಲಿ ಟಿಪ್ಪಣಿ ಸಿದ್ಧಪಡಿಸಿಕೊಂಡು, 2ರಿಂದ 3 ನಿಮಿಷಗಳಲ್ಲಿ ಅದರ ಗುಣದೋಷಗಳನ್ನು ಭಾಷಣಕಾರನ ಮನಸ್ಸು ನೋಯದಂತೆ ಹೇಳಬೇಕಾದ್ದರಿಂದ, ಕಿವಿಗೊಟ್ಟು ಕೇಳುವ ಅಭ್ಯಾಸ ತಾನಾಗಿಯೇ ಬರುತ್ತದೆ.

ಬೇರೊಂದು ಕಡೆ ಹಣ ಕೊಟ್ಟು ಹಾಜರಾದ ತರಬೇತಿ ಕಾರ್ಯಾಗಾರ ಮಾತ್ರ ಸಪ್ಪೆಯಾಗಿತ್ತು. ಧ್ವನಿಯ ಏರಿಳಿತವನ್ನು ಕುರಿತ ಸ್ಲೈಡುಗಳನ್ನು ಅಲ್ಲಿ ಒಂದೇ ಸ್ವರದಲ್ಲಿ ಓದಿ ಮುಗಿಸಿದರು.