ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನ: 15,350 ಕಿ.ಮೀ. ದಾರಿ ಯಾರಿಗೆ ಸರಿ?

ಸಿಂಗಪುರದ ಚಾಂಗಿಯಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಸಿಂಗಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 24 ನಡುವೆ ಎಲ್ಲೂ ಇಳಿಯದೆ ಹೋಗುತ್ತದೆ. ಸಿಂಗಪುರದಲ್ಲೇ ನೆಲೆಸಿರುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿಯಿಲ್ಲ. ಬೆಂಗಳೂರಿನಿಂದ ಹೊರಡುವವರು ಮಾತ್ರ ಟಿಕೆಟ್ ತೆಗೆಯುವ ಮೊದಲು ಲೆಕ್ಕ ಹಾಕಬೇಕು.

ದೂರದ ಲೆಕ್ಕ ಕೈಯಲ್ಲೇ ಸಿಗುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿರುವುದರಿಂದ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ. ಧ್ರುವಕ್ಕೆ ಚಾಂಗಿಯಿಂದ 88.6 ಡಿಗ್ರಿ, ಜೆಎಫ್‌ಕೆಯಿಂದ 49.4. ಒಟ್ಟು 138, ಡಿಗ್ರಿಗೆ 111.2 ಕಿ.ಮೀ.ನಂತೆ ಸುಮಾರು 15,350 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ 17 ಗಂಟೆ. ಆದರೆ ವೇಳಾಪಟ್ಟಿಯಲ್ಲಿರುವುದು ಹದಿನೆಂಟೂವರೆ ಗಂಟೆಗೂ ಮೇಲೆ. ರನ್‌ವೇವರೆಗಿನ ಓಡಾಟ, ಏರುವಿಕೆ, ಇಳಿಯುವಿಕೆಗೆ ಒಂದಿಷ್ಟು ಹೊತ್ತು ಹೋಗುತ್ತದೆ. ಉಳಿದದ್ದು ದಾರಿಯದು: ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿರಲೆಂದು ಪೈಲಟ್‌ಗಳು ಧ್ರುವ ಬಿಟ್ಟು ಪೆಸಿಫಿಕ್ ಮೇಲೆ ಸಾಗುತ್ತಾರೆ. ಮರಳುವಾಗಲೂ ಬಹುತೇಕ ಪೂರ್ವಕ್ಕೇ, ಅಟ್ಲಾಂಟಿಕ್ ಮತ್ತು ಯುರೋಪಿನ ಮೇಲೆ. ಹೋಗಿಬರುವಷ್ಟರಲ್ಲಿ ಭೂಮಿಗೊಂದು ಸುತ್ತು!

ಇಷ್ಟು ದೂರಕ್ಕೆಂದೇ ಮಾಡಿದ ಏರ್‌ಬಸ್ ಎ350-900 ಯುಎಲ್‌ಆರ್ 1,65,000 ಲೀಟರ್ ಇಂಧನ ಹೊರುತ್ತದೆ. ಆ ಭಾರಕ್ಕೆ ಆಸನ ಕಡಿತವಾಗಿದೆ: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾದಾ ಎಕಾನಮಿಯೇ ಇಲ್ಲ, ಅಗ್ಗದ ಟಿಕೆಟ್ ಹುಡುಕಬೇಡಿ. ಪ್ರೀಮಿಯಂ ಎಕಾನಮಿಯಲ್ಲಿ ಸಾಲುಗಳ ನಡುವೆ 38 ಇಂಚು. ಮಂಡಿಗೆ ಹಾಯಾದರೂ ಮಲಗುವಷ್ಟು ಒರಗದು. ಕೊನೆಯ 3 ಸಾಲುಗಳಲ್ಲಿ ಕಿಟಕಿ ಪಕ್ಕ ಒಂಟಿ ಆಸನಗಳಿವೆ, ಒಟ್ಟು 6. ಪಕ್ಕದವರನ್ನು ಎಬ್ಬಿಸದೆ ಎದ್ದು ಓಡಾಡಬಹುದು. ಇಷ್ಟು ಹೊತ್ತು ಕೂತಾಗ ಕಾಲು ಊದದಿರಲು ಅದು ಬೇಕೇಬೇಕು. ಟಿಕೆಟ್ ಮಾಡುವಾಗಲೇ ಆ ಆಸನ ನೋಡಿ. ಸಸ್ಯಾಹಾರವನ್ನೂ ಕನಿಷ್ಠ 24 ಗಂಟೆ ಮುಂಚೆ ಹೇಳಿಡಿ.

ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ಅಂತರ ಸುಮಾರು 13,350 ಕಿ.ಮೀ. ದುಬೈ ಮೂಲಕ ಹೋದರೆ 13,700ರ ಆಸುಪಾಸು. ಸಿಂಗಪುರದ ಮೂಲಕ 18,500! ಮೊದಲು 3,180 ಕಿ.ಮೀ. ಪೂರ್ವಕ್ಕೆ ಹೋಗಿ, ಆಮೇಲೆ ಈ ದೀರ್ಘ ಹಾರಾಟ. ವಯಸ್ಸಾದ ತಂದೆತಾಯಿಯನ್ನು ಕಳಿಸುವುದಾದರೆ ಇದು ಬೇಡ.

ಹೆಚ್ಚಿನವರು ಎಡವುವುದು ತಾರೀಖಿನಲ್ಲಿ. ನ್ಯೂಯಾರ್ಕ್ ಸಿಂಗಪುರಕ್ಕಿಂತ ಬೇಸಿಗೆಯಲ್ಲಿ 12, ಚಳಿಗಾಲದಲ್ಲಿ 13 ಗಂಟೆ ಹಿಂದೆ. ಹೋಗುವಾಗ ನಡುರಾತ್ರಿ ಹೊರಟರೆ ಇಳಿಯುವಾಗ ಅಲ್ಲಿ ಬೆಳಗಿನ ಜಾವ. ಮರಳುವಾಗ ಸೋಮವಾರ ರಾತ್ರಿ ಹತ್ತೂವರೆಗೆ ಹೊರಟವರು ಇಳಿಯುವುದು ಬುಧವಾರ ಬೆಳಿಗ್ಗೆ; ಮಂಗಳವಾರವಿಡೀ ಆಕಾಶದಲ್ಲೇ. ರಜೆಯ ಅರ್ಜಿಯಲ್ಲೂ ಮುಂದಿನ ವಿಮಾನದ ಟಿಕೆಟ್‌ನಲ್ಲೂ ಬುಧವಾರವನ್ನೇ ಹಾಕಿ.