ಪಶ್ಚಿಮದ ಕಿಟಕಿಗೆ ಮೂರು ಮಡಿಕೆ ಕಟ್ಟಿ ನೋಡಿದೆ

ಕಲಬುರಗಿಯ ನಮ್ಮ ಮನೆಯ ಮಹಡಿ ಕೋಣೆಗೆ ಇರುವುದು ಪಶ್ಚಿಮದ ಕಿಟಕಿ ಒಂದೇ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕಕ್ಕೆ ಅದರ ಸರಳು ಮುಟ್ಟಿದರೆ ಕೈ ಸುಡುತ್ತದೆ. ಮೇಲೆ ಸಜ್ಜಾ ಇದೆ, ಆದರೆ ಇಳಿಬಿಸಿಲು ಅದರ ಅಡಿಯಿಂದಲೇ ನುಗ್ಗುತ್ತದೆ. ಒಳಗೆ ಪರದೆ ಹಾಕಿದರೂ ಜಾಸ್ತಿ ಉಪಯೋಗವಿಲ್ಲ. ಗಾಜು ದಾಟಿ ಬಂದ ಶಾಖ ಕೋಣೆಯಲ್ಲೇ ಉಳಿಯುತ್ತದೆ. ನೆರಳು ಗಾಜಿನ ಹೊರಗೇ ಬೇಕು, ಬಿಸಿಲಿಲ್ಲದಾಗ ಮಡಚಿಕೊಳ್ಳಬೇಕು. ಅದಕ್ಕೇ ಮೂರು ಬಗೆಯ ಮಡಿಕೆ, ಅಂದರೆ ಮಡಚಿ ಬಿಚ್ಚುವ ನೆರಳುಹಾಳೆ, ಮಾಡಿ ಒಂದಾದ ಮೇಲೆ ಒಂದನ್ನು ಕಟ್ಟಿ ನೋಡಿದೆ. ಮೂರಕ್ಕೂ ಫೈಲ್ ಕವರಿನಂಥ ಪ್ಲಾಸ್ಟಿಕ್ ಹಾಳೆ, ಎಳೆಯಲು ಚಿಕ್ಕ ಮೋಟಾರು.

ಮೊದಲು ಕೊಡೆ. ಅಬುಧಾಬಿಯ ಅಲ್ ಬಹರ್ ಜೋಡಿ ಗೋಪುರ 2012ರಲ್ಲಿ ಮುಗಿಯಿತು. ಒಂದೊಂದು ಗೋಪುರದ ಮೈಮೇಲೂ ಸಾವಿರಕ್ಕೂ ಹೆಚ್ಚು ತ್ರಿಕೋನದ ಕೊಡೆಗಳು. ಬಿಸಿಲು ತಿರುಗಿದಂತೆ ಅರಳುತ್ತವೆ, ಮುದುಡುತ್ತವೆ. ಅದನ್ನೇ ಚಿಕ್ಕದಾಗಿ ಮಾಡಿದೆ. ಚೌಕದ ಕಿಟಕಿಗೆ ತ್ರಿಕೋನ ಕೂಡಲಿಲ್ಲ, ಮೂಲೆಗಳಲ್ಲಿ ಬಿಸಿಲು ಬಿತ್ತು. ಮುದುಡಿದ ಮೇಲೂ ಕಣ್ಣಿಗೆ ಅಡ್ಡ. ದೊಡ್ಡ ಗಾಜಿನ ಗೋಡೆಗೆ ಸರಿ, ನಮಗಲ್ಲ.

ನನಗೆ ತುಂಬಾ ಇಷ್ಟವಾದದ್ದು ಎರಡನೆಯದು, ಮಿಯುರಾ ಮಡಿಕೆ. ಹಾಳೆಯ ತುಂಬ ಓರೆ ಚೌಕಗಳ ಸಾಲು ಮೂಡುವಂತೆ ಮಡಚುವುದು. ಜಪಾನಿನ ವಿಜ್ಞಾನಿ ಕೊರ್ಯೊ ಮಿಯುರಾ ಯೋಚಿಸಿದ್ದು, ಹೀಗೆ ಮಡಚಿದ ಸೌರಫಲಕ 1995ರಲ್ಲಿ ಬಾಹ್ಯಾಕಾಶದಲ್ಲೂ ಬಿಚ್ಚಿಕೊಂಡಿತ್ತು. ಒಂದು ಮೂಲೆ ಹಿಡಿದು ಎಳೆದರೆ ಸಾಕು, ಇಡೀ ಹಾಳೆ ಒಮ್ಮೆಲೇ ಹರಡುತ್ತದೆ. ನೋಡುತ್ತಾ ಕೂತುಬಿಡುವಷ್ಟು ಚೆಂದ. ಆದರೆ ನಾಲ್ಕು ಗೆರೆ ಸೇರುವ ಪ್ರತಿ ಬಿಂದುವಿನಲ್ಲೂ ಹಾಳೆ ಬಿಳಿಚಿ, ಆಮೇಲೆ ಸೀಳಿತು. ಆ ಬಿಂದುಗಳಲ್ಲೇ ಸಣ್ಣ ತೂತು ಹೊಡೆದ ಮೇಲೆ ತಡೆಯಿತು. ಇನ್ನೊಂದು ತೊಡಕಿಗೆ ಮಾತ್ರ ಮದ್ದಿಲ್ಲ. ಅದು ಮೇಲೆ ಕೆಳಗೆ ಕುಗ್ಗುವಾಗ ಅಗಲವೂ ಕುಗ್ಗುತ್ತದೆ. ಅರ್ಧ ಮಡಚಿದರೆ ಎರಡೂ ಪಕ್ಕ ಬಾಯಿ ತೆರೆದು, ಅಲ್ಲಿಂದ ಬಿಸಿಲಿನ ಪಟ್ಟೆ ಸೀದಾ ಹಾಸಿಗೆಗೆ ಬೀಳುತ್ತದೆ.

ಮೂರನೆಯದು ಮಕ್ಕಳೂ ಮಾಡುವ ಬೀಸಣಿಗೆ ಮಡಿಕೆ. ಇದನ್ನು ಸುಮ್ನೆ ಹೋಲಿಕೆಗೆ ಅಂತ ಕಟ್ಟಿದ್ದೆ. ಮೊದಲ ಗಾಳಿಗೇ ಹೊಟ್ಟೆ ಉಬ್ಬಿಸಿತು. ಮಡಿಕೆಗಳ ಎರಡೂ ತುದಿಗೆ ತೂತು ಹೊಡೆದು ನೈಲಾನ್ ಹುರಿ ಪೋಣಿಸಿ ಬಿಗಿದೆ, ಸರಿಹೋಯಿತು. ಎಷ್ಟೇ ಮಡಚಿದರೂ ಇದರ ಅಗಲ ಬದಲಾಗುವುದಿಲ್ಲ. ಹಾಗಾಗಿ ಬೇಕಾದಷ್ಟೇ ಮುಚ್ಚಬಹುದು. ನಮ್ಮ ಕಿಟಕಿಗೆ ಬೇಕಿದ್ದದ್ದು ಇದೇ ಅಲ್ವಾ!

ಬೆಳಕಿನ ಸೆನ್ಸರ್ ಇಟ್ಟಾಗ ಮೋಡ ಸರಿದಾಗಲೆಲ್ಲ ಮೋಟಾರು ಓಡುತ್ತಿತ್ತು. ಅದನ್ನು ತೆಗೆದು ಮೋಟಾರನ್ನು ಗಡಿಯಾರಕ್ಕೆ ಜೋಡಿಸಿದೆ. ಆಮೇಲೆ ಮಡಿಕೆಯನ್ನೇ ತಲೆಕೆಳಗು ಮಾಡಿದೆ. ಮೂರು ಗಂಟೆಗೆ ಸಜ್ಜಾದ ನೆರಳು ಕಿಟಕಿಯ ಮೇಲರ್ಧವನ್ನು ಕಾಯುತ್ತದೆ, ಬಿಸಿಲು ಬೀಳುವುದು ಕೆಳಗೆ ಮಾತ್ರ. ಸೂರ್ಯ ಇಳಿದಂತೆ ನೆರಳಿನ ಅಂಚು ಮೇಲೇರುತ್ತದೆ. ಈಗ ಮಡಿಕೆ ಕಿಟಕಿಯ ಬುಡದಲ್ಲಿ ಕೂತಿದೆ. ನೆರಳಿನ ಅಂಚಿನ ಜೊತೆಗೇ ಇಂಚಿಂಚಾಗಿ ಮೇಲೇಳುತ್ತದೆ. ಐದು ಗಂಟೆಯವರೆಗೂ ಮೇಲಿನ ಸಂದಿನಲ್ಲಿ ಎದುರುಮನೆಯ ಬೇವಿನ ತುದಿ ಕಾಣುತ್ತಿರುತ್ತದೆ.